ಮೇಸ್ತ್ರಿ ಬಿಚ್ಚಿಟ್ಟ ಸ್ಟ್ಯಾಂಡು

ಮೇಸ್ತ್ರಿಯ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಆ ಸೀಳಿನಲ್ಲಿ ಗ್ರೀಸು ಕೂತು, ಎಷ್ಟು ತಿಕ್ಕಿದರೂ ಹೋಗದ ಕಪ್ಪು ಗೆರೆಯಾಗಿತ್ತು. ಸೈಕಲ್ಲಿನ ಚೈನನ್ನು ಆ ಉಗುರಿನಿಂದ ಮೀಟಿ, ಕಿವಿಗೊಟ್ಟು, ಆಮೇಲೆಯೇ ಸ್ಪ್ಯಾನರ್ ಮುಟ್ಟುತ್ತಿದ್ದರು. ಗಿರಾಕಿ ಚಡಪಡಿಸಿದರೆ, "ಅವಸರ ಬ್ಯಾಡ್ರಿ, ಏನಾಗೇತಿ ಅಂತ ಸೈಕಲ್ಲೇ ಹೇಳ್ತೈತೆ" ಎನ್ನುತ್ತಿದ್ದರು. ಕೊಕ್ಕನೂರಿನವರು. ದಾವಣಗೆರೆಯಲ್ಲಿ ನಾನು ಗುಮಾಸ್ತನಾಗಿದ್ದ ಹತ್ತಿ ಮಿಲ್ಲಿನ ಎದುರು, ಮಿಲ್ಲಿನ ಒಡೆಯರಾದ ಸಾಹುಕಾರರ ಜಾಗದಲ್ಲೇ ತಗಡಿನ ಶೆಡ್ಡು ಹಾಕಿಕೊಂಡಿದ್ದರು.

ಅಂಥ ಮನುಷ್ಯನನ್ನು ನಾವು ನಡೆಸಿಕೊಂಡ ರೀತಿ ನೆನೆದರೆ ಈಗಲೂ ಮೈ ಉರಿಯುತ್ತದೆ.

ಅರವತ್ತರ ದಶಕದ ಮೊದಲ ವರ್ಷಗಳು. ಸಾಹುಕಾರರ ಮಗ ಬೊಂಬಾಯಿಯಿಂದ ಗೇರಿನ ಸೈಕಲ್ ತರಿಸಿದ. ಹಿಂದಿನ ಚಕ್ರಕ್ಕೆ ಹಲ್ಲಿನ ಬಿಲ್ಲೆಗಳು ಐದು, ಚೈನನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸಲು ಪುಟ್ಟದೊಂದು ಕಬ್ಬಿಣದ ಕೈ. ಊರಿಗೆಲ್ಲ ಅದೊಂದೇ. ಮಾರನೆಯ ದಿನವೇ ಅದಕ್ಕೆ ನಮ್ಮೆಲ್ಲರ ಸೈಕಲ್ಲಿನ ಹಾಗೆ ಸ್ಟ್ಯಾಂಡು ಹಾಕಿಸಿದ. ವಾರದಲ್ಲಿ ಗೇರ್ ಕೆಟ್ಟಿತು. ಒಂದಕ್ಕೆ ಹಾಕಿದರೆ ಇನ್ನೊಂದಕ್ಕೆ ಬೀಳುವುದು, ಕಟಕಟ ಸದ್ದು. ಬುದ್ಧಿವಂತರೆಲ್ಲ ಬಂದು ಸ್ಕ್ರೂ ತಿರುವಿದರು, ತಂತಿ ಬಿಗಿದರು. ಇನ್ನಷ್ಟು ಕೆಟ್ಟಿತು.

ಮೇಸ್ತ್ರಿ ಚಕ್ರದ ಹಿಂದೆ ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿದರು. "ಗೇರು ಚಲೋ ಐತ್ರಿ. ಈ ಸ್ಟ್ಯಾಂಡು ಗೇರಿನ ಕೈ ಹಿಡಿಯೋ ಪಟ್ಟಿ ಇರೋ ನಟ್ಟಿಗೇ ಕೂತೈತೆ. ಸ್ಟ್ಯಾಂಡು ಒದ್ದಾಗೆಲ್ಲ ಪಟ್ಟಿ ಸೊಟ್ಟ ಆಗ್ತೈತೆ. ಸ್ಕ್ರೂ ತಿರುವಿ ಏನ್ ಬಂತು?" ಎಂದರು. ಸ್ಟ್ಯಾಂಡು ಬಿಚ್ಚಿದರು, ಪಟ್ಟಿ ನೆಟ್ಟಗೆ ಮಾಡಿದರು. ಗೇರು ಬೆಣ್ಣೆಯ ಹಾಗೆ ಬಿತ್ತು. ಬಿಚ್ಚಿದ ಸ್ಟ್ಯಾಂಡನ್ನು ನನ್ನ ಕೈಗೆ ಕೊಟ್ಟು, "ಒಳಗಿಡ್ರಿ ಗುಮಾಸ್ತರೇ, ಮತ್ತ ಹಾಕೋದು ಬ್ಯಾಡ" ಎಂದರು.

ಆ ಭಾನುವಾರ ದಾವಣಗೆರೆಯಿಂದ ಹರಿಹರಕ್ಕೆ ಸೈಕಲ್ ಪಂದ್ಯ. ಬೆಳಿಗ್ಗೆ ಮಿಲ್ಲಿನ ಬಾಗಿಲಲ್ಲಿ ಸೈಕಲ್ಲಿಗೆ ಹಾರ ಹಾಕಿ, ಕುಂಕುಮ ಹಚ್ಚಿ, ಫೋಟೊ ತೆಗೆಸಬೇಕೆಂದಾಯಿತು. ಸೈಕಲ್ ನಿಲ್ಲಬೇಕಲ್ಲ! "ಪೂಜೆ ಸೈಕಲ್ ಗ್ವಾಡಿಗೆ ಒರಗಿಸ್ತಾರೇನ್ರಿ? ಸ್ಟ್ಯಾಂಡು ತರ್ರಿ" ಎಂದ ಸಾಹುಕಾರರ ಮಗ. ನಾನೇ ತಂದೆ. ಮಿಲ್ಲಿನ ಫಿಟ್ಟರ್ ಅದನ್ನು ಬಿಗಿಯುವಾಗ ಸೈಕಲ್ ಹಿಡಿದುಕೊಂಡಿದ್ದವನೂ ನಾನೇ. ಫೋಟೊ ಆದ ಮೇಲೆ ಬಿಚ್ಚುವುದು ಯಾರಿಗೂ ನೆನಪಾಗಲಿಲ್ಲ.

ಹರಿಹರ ಇನ್ನೊಂದು ಮೈಲಿ ಇರುವಾಗ, ಎಲ್ಲರಿಗಿಂತ ಮುಂದಿದ್ದ ಸಾಹುಕಾರರ ಮಗ ಗೇರ್ ಬದಲಿಸಿದ. ಚೈನು ಕೊನೆಯ ಬಿಲ್ಲೆ ದಾಟಿ ಆಚೆ ಬಿದ್ದು ಸಿಕ್ಕಿಕೊಂಡಿತು. ಸೈಕಲ್ ಸಮೇತ ಬಿದ್ದು ಮೊಣಕಾಲು ಕಿತ್ತುಹೋಯಿತು. ಮಾನ ಅದಕ್ಕಿಂತ ಹೆಚ್ಚು ಕಿತ್ತುಹೋಗಿತ್ತು.

ಸಂಜೆ ಸಾಹುಕಾರರ ಕಡೆಯವರು ಮೇಸ್ತ್ರಿಯನ್ನು ಮಿಲ್ಲಿನ ಮುಂದೆ ನಿಲ್ಲಿಸಿದರು. "ಎತ್ತಿನ ಗಾಡಿ ಕೀಲು ಬಡಿಯೋನಿಗೆ ಗೇರ್ ಏನ್ ಗೊತ್ತು? ದುಡ್ಡು ತಿಂದು ಸೈಕಲ್ ಕೆಡಿಸ್ದ" ಎಂದರು. ಮೇಸ್ತ್ರಿ ಬಗ್ಗಿ ಸೈಕಲ್ಲಿನ ಹಿಂದಿನ ಚಕ್ರ ನೋಡಿದರು. "ಈ ಸ್ಟ್ಯಾಂಡು ನಾ ಬಿಚ್ಚಿದ್ದೆ. ಮತ್ತ ಯಾರು ಹಾಕಿದ್ರಿ?"

"ನೀ ಬಿಚ್ಚೇ ಇರ್ಲಿಲ್ಲ" ಎಂದ ಸಾಹುಕಾರರ ಮಗ, ಕಣ್ಣು ಮಿಟುಕಿಸದೆ. ಪಕ್ಕದಲ್ಲಿದ್ದ ಫಿಟ್ಟರ್ ಮಿಲ್ಲಿನೊಳಕ್ಕೆ ಸರಿದುಕೊಂಡ.

ಮೇಸ್ತ್ರಿ ನನ್ನ ಕಡೆ ತಿರುಗಿದರು. "ಗುಮಾಸ್ತರೇ, ನೀವರ ಹೇಳ್ರಿ. ನಿಮ್ಮ ಕೈಗೇ ಕೊಟ್ಟಿದ್ನಲ್ರಿ?"

"ನಾನು ನೋಡಿಲ್ಲ" ಎಂದೆ.

ಆ ವಾರವೇ ಶೆಡ್ಡು ಕಿತ್ತರು. ಊರಲ್ಲಿ ಇನ್ಯಾರೂ ಜಾಗ ಕೊಡಲಿಲ್ಲ. ಸಾಹುಕಾರರನ್ನು ಎದುರು ಹಾಕಿಕೊಳ್ಳುವ ಗಂಡಸು ಯಾರಿದ್ದ? ಹಗಲೂರಾತ್ರಿ ಅವರಿಂದ ಪಂಕ್ಚರ್ ಹಾಕಿಸಿಕೊಂಡವರೇ "ಗೇರ್ ಕೆಡಿಸಿದ ಮೇಸ್ತ್ರಿ" ಎಂದು ಆಡಿಕೊಂಡು ನಕ್ಕರು. ಥೂ!

ಎರಡು ವರ್ಷ ಕಳೆದು ಹರಿಹರದ ರಸ್ತೆ ಬದಿಯಲ್ಲಿ, ಗೋಣಿತಾಟು ಹಾಸಿಕೊಂಡು ಕೂತಿದ್ದ ಮೇಸ್ತ್ರಿಯನ್ನು ಹುಡುಕಿಕೊಂಡು ಹೋದೆ. ನನ್ನನ್ನೂ ನನ್ನ ಸೈಕಲ್ಲನ್ನೂ ನೋಡಿ, "ಬರ್ರಿ, ಕೂಡ್ರಿ. ಬ್ರೇಕು ಸಡ್ಲ ಆಗೇತಿ" ಎಂದು ಕೆಲಸಕ್ಕೆ ಕೈ ಹಾಕಿದರು.

"ಮೇಸ್ತ್ರಿ, ಅವತ್ತು ನಾನು..."

"ನಿಮ್ಮ ಹೊಟ್ಟೆಪಾಡು ನಂಗ ಗೊತ್ತೈತ್ರಿ. ಅದ್ಕ ಸಿಟ್ಟಿಲ್ಲ." ಬ್ರೇಕ್ ಹಿಚುಕಿ ನೋಡಿದರು. "ಆದ್ರ ಸುಮ್ನ ಇದ್ದಿದ್ರೂ ಆಗ್ತಿತ್ತು."

ಮರುವರ್ಷ ತೀರಿಕೊಂಡರು. ನನಗೆ ಸುದ್ದಿ ತಿಳಿಯುವಷ್ಟರಲ್ಲಿ ಹದಿನೈದು ದಿನ ಕಳೆದಿತ್ತು. ಈಗ ಸಾಹುಕಾರರಿಲ್ಲ, ಮಗನಿಲ್ಲ, ಮಿಲ್ಲೂ ಮುಚ್ಚಿದೆ. ಹೆದರಲು ಯಾರೂ ಉಳಿಯದ ಮೇಲೆ ಬಾಯಿ ಬಿಡುವುದು ದೊಡ್ಡಸ್ತಿಕೆಯಲ್ಲ, ಗೊತ್ತಿದೆ. ಆದರೂ ಬರೆದಿಡುತ್ತೇನೆ. ಮೇಸ್ತ್ರಿ ಸ್ಟ್ಯಾಂಡು ಬಿಚ್ಚಿದ್ದರು. ನಾನು ನೋಡಿದ್ದೆ.