ಟಾರ್ಗೆಟ್ ಅಕ್ಕನ ಮಾತ್ರೆ

ಅಂಗಿ ಹೊಲಿಯುವ ಆ ಕಾರ್ಖಾನೆಯಲ್ಲಿ ನಾಲ್ಕನೇ ಲೈನಿನ ಸೂಪರ್‌ವೈಸರಮ್ಮನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಮಿಕ್ಕವರಿಗೆಲ್ಲ ಆಕೆ ಟಾರ್ಗೆಟ್ ಅಕ್ಕ. ಗಂಟೆಗೆ ಎಂಬತ್ತು ಅಂಗಿ ಇಳಿಯಬೇಕೆಂದು ಮೇಲಿನವರು ಹೇಳಿದರೆ, ಆಕೆ ಮಿಷನ್ನುಗಳ ನಡುವೆ ಓಡಾಡಿ, ಬೈದು, ನಗಿಸಿ, ಎಂಬತ್ತೆರಡು ಇಳಿಸುತ್ತಿದ್ದಳು. ಬಾಯಿ ಜೋರು, ಕೈ ಧಾರಾಳ. ಯಾರಿಗೆ ಮೈ ಸರಿಯಿಲ್ಲ, ಯಾರ ಗಂಡ ನಿನ್ನೆ ಕುಡಿದು ಬಂದಿದ್ದ ಎನ್ನುವುದು ಅವರವರ ಹೊಲಿಗೆ ನೋಡಿಯೇ ಆಕೆಗೆ ತಿಳಿದುಬಿಡುತ್ತಿತ್ತು.

ಆ ಧಾರಾಳ ಕೈಯಲ್ಲಿ ಒಂದು ಗುಂಡಿ ಡಬ್ಬಿ ಇತ್ತು. ಡಬ್ಬಿಯಲ್ಲಿ ಗುಂಡಿ ಇರಲಿಲ್ಲ, ಮಾತ್ರೆಗಳಿದ್ದವು. ಆರು ವರ್ಷದ ಹಿಂದೆ ಬೆನ್ನು ಹಿಡಿದುಕೊಂಡಾಗ ಡಾಕ್ಟರು ಐದು ದಿನಕ್ಕೆಂದು ಬರೆದುಕೊಟ್ಟ ನೋವಿನ ಮಾತ್ರೆ. ಐದು ದಿನ ಮುಗಿದರೂ ಮಾತ್ರೆ ಮುಗಿಯಲಿಲ್ಲ. ಗುರುತಿನ ಮೆಡಿಕಲ್ ಶಾಪಿನವನು ಚೀಟಿ ಕೇಳುವುದನ್ನು ಬಿಟ್ಟು ಯಾವ ಕಾಲವಾಗಿತ್ತೋ. ಮ್ಯಾನೇಜರ್ ಕಣ್ಣಿಗೆ ಬೀಳಬಾರದೆಂದು ಮನೆಯಲ್ಲೇ ಸ್ಟ್ರಿಪ್ಪಿನಿಂದ ಬಿಡಿಸಿ ತುಂಬಿಕೊಂಡು ಬರುತ್ತಿದ್ದಳು. ಸೊಂಟ ಹಿಡಿದವರಿಗೆ, ಕತ್ತು ತಿರುಗದವರಿಗೆ, ಜ್ವರದಲ್ಲೂ ರಜೆ ಸಿಗದವರಿಗೆ ಒಂದೊಂದು. ಅರ್ಧ ಗಂಟೆಯಲ್ಲಿ ಮೈ ಹಗುರ, ಮಿಷನ್ನು ಮತ್ತೆ ಗರಗರ. ಈ ಕೊಡುಗೆಯಲ್ಲಿ ಅಕ್ಕರೆ ಎಷ್ಟು, ಎಂಬತ್ತು ಅಂಗಿ ಎಷ್ಟು ಎಂದು ಯಾರೂ ಕೇಳಲಿಲ್ಲ. ಆಕೆಯಾದರೂ ತನ್ನನ್ನು ತಾನು ಕೇಳಿಕೊಳ್ಳಬೇಕಿತ್ತು.

ಕಾಲರ್ ಹೊಲಿಯುವ ಹುಡುಗಿ ಮದುವೆಯಾಗಿ ಎರಡು ವರ್ಷಕ್ಕೆ ಬಸುರಾದಳು. ಮೂರನೇ ತಿಂಗಳಿಂದಲೇ ಕೂತರೆ ಏಳಲಾರದಂಥ ಸೊಂಟನೋವು.

"ಅಕ್ಕಾ, ಹೊಟ್ಟೇಲಿ ಮಗು ಇದೆ, ಇದನ್ನ ತಗೋಬಹುದಾ?" ಎಂದು ಒಮ್ಮೆ ಕೇಳಿದ್ದಳು.

"ನಿನಗೆ ನಾನು ವಿಷ ಕೊಡ್ತೀನೇನೇ? ನುಂಗು ಸುಮ್ನೆ, ಕಾಲರ್ ಗುಡ್ಡೆ ಬಿದ್ದಿದೆ," ಎಂದು ಅಕ್ಕ ಗದರಿ, ಬೆನ್ನು ಸವರಿದ್ದಳು.

ಹುಡುಗಿ ಮತ್ತೆ ಕೇಳಲಿಲ್ಲ. ದಿನಕ್ಕೆ ಒಂದು ಇದ್ದದ್ದು ಎರಡಾಯಿತು, ಎರಡು ನಾಲ್ಕಾಯಿತು. ಹೆರಿಗೆ ನೋವು ಶುರುವಾದದ್ದೂ ಮಿಷನ್ನಿನ ಮುಂದೆಯೇ.

ಹೆರಿಗೆಯಾದ ಮೂರನೇ ದಿನ ಮಧ್ಯಾಹ್ನ ಅಕ್ಕ ಚೂರು ಬಟ್ಟೆಯಲ್ಲಿ ಹೊಲಿದ ಅಂಗೈಯಗಲದ ಅಂಗಿ ಹಿಡಿದು ಆಸ್ಪತ್ರೆಗೆ ಹೋದಳು. ಹುಡುಗಿಯ ಅತ್ತೆ ಬೆಂಚಿನ ಮೇಲೆ ಮುಖ ಊದಿಸಿಕೊಂಡು ಕೂತಿದ್ದಳು.

"ಅದೇನು ತಿಂದಳೋ, ಏನು ಕುಡಿದಳೋ! ಡಾಕ್ಟರಮ್ಮ ಕೇಳಿದ್ರೆ ನೋವಿಗೆ ಬಿಳೀ ಮಾತ್ರೆ ನುಂಗಿದ್ದೆ ಅಂತಾಳೆ. ಯಾವುದು, ಯಾರು ಕೊಟ್ರು ಅಂದ್ರೆ ಬಾಯಿಗೆ ಬೀಗ. ಬಿಳೀ ಮಾತ್ರೆ ಅಂದ್ರೆ ನೂರಿವೆಯಂತೆ. ನನ್ನ ಮಗ ಬರ್ಲಿ, ಇವಳನ್ನ ಮನೆಗೆ ಸೇರಿಸಬೇಕೋ ಬೇಡ್ವೋ ತೀರ್ಮಾನ ಆಗ್ಲಿ."

ಅಕ್ಕ ಮಗುವಿನ ವಾರ್ಡಿನ ಗಾಜಿನ ಕಿಟಕಿಯ ಹತ್ತಿರ ಹೋದಳು.

ಮಗು ಅಳುತ್ತಿರಲಿಲ್ಲ, ಕಿರುಚುತ್ತಿತ್ತು. ಕೈಕಾಲು ಗಡಗಡ ನಡುಗುತ್ತಿದ್ದವು. ಹಾಸಿಗೆಗೆ ಉಜ್ಜಿ ಉಜ್ಜಿ ಮೊಣಕಾಲು ಕೆಂಪಾಗಿದ್ದವು. ಹಸಿವೆಯಿಂದ ಬಾಯಿ ತಡಕಾಡುತ್ತಿತ್ತು, ಹಾಲು ಕೊಟ್ಟರೆ ಹಿಡಿಯಲಾಗುತ್ತಿರಲಿಲ್ಲ. ನಡುವೆ ಒಂದರ ಹಿಂದೊಂದು ಆಕಳಿಕೆ, ಸೀನು. ಹಣೆ ತುಂಬ ಬೆವರು.

"ಸೋಂಕಿರಬಹುದು ಅಂತ ಔಷಧಿ ಹಾಕಿದೀವಿ, ನಡುಕ ಇಳೀತಿಲ್ಲ," ಎಂದಳು ನರ್ಸು. "ಸಂಜೆ ಬೆನ್ನಿಗೆ ಸೂಜಿ ಹಾಕಿ ನೀರು ತೆಗೆದು ನೋಡ್ತಾರೆ."

ಅಕ್ಕನಿಗೆ ಸೂಜಿ ಬೇಕಿರಲಿಲ್ಲ. ಆಕೆಗೆ ಆ ಆಕಳಿಕೆ ಗೊತ್ತಿತ್ತು. ಹೋದ ವರ್ಷ ಮೆಡಿಕಲ್ ಶಾಪಿನವನು ಮೂರು ದಿನ ಬಾಗಿಲು ಹಾಕಿದ್ದಾಗ ಆಕೆಯೂ ಹೀಗೇ ಆಕಳಿಸಿದ್ದಳು, ಸೀನಿದ್ದಳು, ಬೆವರಿದ್ದಳು, ನಡುಗಿದ್ದಳು. ಪಕ್ಕದ ಮನೆಗೆ ಕೇಳಬಾರದೆಂದು ಬಾಯಿಗೆ ಸೆರಗು ತುರುಕಿಕೊಂಡಿದ್ದಳು. ನಾಲ್ಕನೇ ದಿನ ಒಂದು ಮಾತ್ರೆ ನುಂಗಿದ್ದೇ ತಡ, ಎಲ್ಲ ನಿಂತಿತ್ತು. ಇದು ತನ್ನನ್ನು ಹಿಡಿದಿದೆ ಎಂದು ಅವತ್ತೇ ತಿಳಿದಿತ್ತು. ಮಾರನೆಯ ದಿನ ಡಬ್ಬಿ ಹಿಡಿದು ಕೆಲಸಕ್ಕೆ ಹೋಗಿದ್ದಳು.

ಹೇಳಿದರೆ ಇಪ್ಪತ್ತು ವರ್ಷದ ಕೆಲಸ ಹೋಗುತ್ತದೆ, ಪೊಲೀಸರೂ ಬರಬಹುದು. ಹೇಳದಿದ್ದರೆ ಆ ಎಳೆ ಬೆನ್ನಿಗೆ ಸೂಜಿ, ಈ ಹುಡುಗಿಗೆ ಬೀದಿ. ಸುಲಭದ ಲೆಕ್ಕ ಎನ್ನುವವರು ಆ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ನೋಡಬೇಕು. ಆಕೆ ಮೆಟ್ಟಿಲಿಳಿದು ಗೇಟಿನವರೆಗೂ ಹೋದಳು. ಕಿರುಚಾಟ ಅಲ್ಲಿಗೂ ಕೇಳುತ್ತಿತ್ತು. ವಾಪಸು ಬಂದು, ಡಾಕ್ಟರಮ್ಮನ ಮೇಜಿನ ಮೇಲೆ ಬರುವ ದಾರಿಯಲ್ಲಿ ಕೊಂಡು ಬ್ಯಾಗಿಗೆ ಹಾಕಿಕೊಂಡಿದ್ದ ಸ್ಟ್ರಿಪ್ಪನ್ನೂ ಡಬ್ಬಿಯನ್ನೂ ಇಟ್ಟಳು.

"ನಾನೇ ಕೊಟ್ಟೆ. ಆರು ತಿಂಗಳು. ಕೊನೆಕೊನೆಗೆ ದಿನಕ್ಕೆ ನಾಲ್ಕು. ಅವಳಿಗೆ ಅದೇನು ಅಂತಾನೂ ಗೊತ್ತಿಲ್ಲ."

ಡಾಕ್ಟರಮ್ಮ ಸ್ಟ್ರಿಪ್ಪಿನ ಮೇಲಿನ ಹೆಸರು ಓದಿ ಕಣ್ಣು ಮುಚ್ಚಿ ತೆಗೆದಳು. ಬಯ್ಯಲಿಲ್ಲ, ಬೈದಿದ್ದರೆ ಅಕ್ಕನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಹೊಟ್ಟೆಯೊಳಗೆ ಸಿಗ್ತಿದ್ದದ್ದು ಹುಟ್ಟಿದ ಕೂಡಲೇ ನಿಂತುಹೋಯ್ತು, ಅದಕ್ಕೇ ಒದ್ದಾಡ್ತಿದೆ. ಔಷಧಿ ಕೊಟ್ಟು ನಿಧಾನವಾಗಿ ಇಳಿಸ್ಬೇಕು, ವಾರಗಳೇ ಹಿಡೀಬಹುದು. ಮುಂದೆ ಹೇಗೆ ಬೆಳೆಯುತ್ತೋ, ಈಗಲೇ ಹೇಳಕ್ಕಾಗಲ್ಲ. ನಾನು ಇದನ್ನ ಬರೀಲೇಬೇಕು, ತಿಳಿಸಬೇಕಾದವರಿಗೆ ತಿಳಿಸಲೇಬೇಕು."

"ತಿಳಿಸಿ."

"ಮಗುಗೆ ಔಷಧಿ ಶುರು ಮಾಡಿ ತಾಯಿ ಹತ್ರ ಬರ್ತೀನಿ. ಅವರಿಗೂ ಚಿಕಿತ್ಸೆ ಬೇಕಾಗುತ್ತೆ."

ಅಕ್ಕ ಡಾಕ್ಟರಮ್ಮನಿಗಿಂತ ಮೊದಲೇ ವಾರ್ಡಿಗೆ ಹೋದಳು. ಹುಡುಗಿ ಎರಡು ಕಂಬಳಿ ಹೊದ್ದು ಮುದುಡಿ ಮಲಗಿದ್ದಳು. ಹಲ್ಲು ಕಟಕಟ ಎನ್ನುತ್ತಿದ್ದವು, ದಿಂಬು ಬೆವರಿಗೆ ಒದ್ದೆ. ಅಕ್ಕನನ್ನು ಕಂಡು ನಗಲು ನೋಡಿದಳು.

"ಎಷ್ಟು ಕೇಳಿದ್ರೂ ನಿಮ್ಮ ಹೆಸರು ಹೇಳಿಲ್ಲ ಅಕ್ಕಾ."

ಅಕ್ಕ ಸ್ಟೂಲು ಎಳೆದು ಕೂತು, ಎಲ್ಲವನ್ನೂ ಹೇಳಿದಳು. ಮಗುವಿಗೆ ಏನಾಗಿದೆ, ಯಾಕಾಗಿದೆ, ಯಾರಿಂದಾಗಿದೆ. ಏನನ್ನೂ ತೇಲಿಸಲಿಲ್ಲ.

ಹುಡುಗಿ ತಲೆಯೆತ್ತಿ ಆಕೆಯ ಮುಖ ನೋಡಿದಳು.

"ನಿಮಗೆ ಗೊತ್ತಿತ್ತಾ?"

ಇಲ್ಲ ಎಂದಿದ್ದರೆ ಹುಡುಗಿ ನಂಬುತ್ತಿದ್ದಳು.

"ಅದು ನನ್ನನ್ನ ಬಿಡಲ್ಲ ಅಂತ ಗೊತ್ತಿತ್ತು. ಹೊಟ್ಟೇಲಿರೋದನ್ನೂ ಹಿಡಿಯುತ್ತೆ ಅಂತ ಗೊತ್ತಿರ್ಲಿಲ್ಲ. ನೀನು ಕೇಳ್ದಾಗ ನಾನು ಯಾರನ್ನಾದ್ರೂ ಕೇಳ್ಬೇಕಾಗಿತ್ತು. ಕೇಳಲಿಲ್ಲ ಕಣೇ."

ಹುಡುಗಿ ಗೋಡೆಯ ಕಡೆ ಹೊರಳಿದಳು. ಕಂಬಳಿಯೊಳಗೆ ಮೈ ಅದುರುವುದು ಕಾಣುತ್ತಿತ್ತು. ಅಳುತ್ತಿದ್ದಾಳೆಂದುಕೊಂಡು ಅಕ್ಕ ಕಾದಳು.

"ಇನ್ನು ನಿಮ್ಮ ಮುಖ ನೋಡಲ್ಲ ಅಕ್ಕಾ," ಎಂದಳು ಹುಡುಗಿ, ತಿರುಗದೆಯೇ. "ಆದ್ರೆ ಹೋಗೋಕೆ ಮುಂಚೆ ಒಂದು ಮಾತ್ರೆ ಕೊಟ್ಟು ಹೋಗಿ."