ಮೇಜಿನಡಿಯ ಮೊರ

ಆ ಹಾರದೊಳಗೆ ಹಸಿ ರೇಷ್ಮೆಗೂಡು ಸೇರಿಸಿದವಳು ನಾನು, ಸರೋಜಕ್ಕ. ಎಂಟು ವರ್ಷ ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ, ನಿನ್ನ ಓರಗಿತ್ತಿಯಾಗಿ ಕೂತು ಈ ಮಾತನ್ನು ನುಂಗಿಕೊಂಡಿದ್ದೇನೆ.

ಇವತ್ತು ನನ್ನ ಬಾಯಿ ತೆರೆಸಿದ್ದು ಮಗಳು ತಂದ ಪ್ಲಾಸ್ಟಿಕ್ ಡಬ್ಬಿಗಳು. ಮಹಡಿ ಮೇಲಿನ ಹಾರ ಕಟ್ಟುವ ಕೋಣೆಯನ್ನು ಒಪ್ಪ ಮಾಡಲು ಹೊರಟಿದ್ದಾಳೆ. ಮಣಿಗೊಂದು, ಜರಿಗೊಂದು, ಬಣ್ಣ ಹಾಕಿದ ರೇಷ್ಮೆಗೂಡಿಗೊಂದು ಡಬ್ಬಿ, ಪ್ರತಿಯೊಂದಕ್ಕೂ ಚೀಟಿ. ಮೇಜಿನಡಿಯಿಂದ ಹಳೆಯ ಮೊರವೊಂದನ್ನು ಎಳೆದು, "ಅಮ್ಮ, ಇದು ಯಾವ್ದಕ್ಕೆ?" ಅಂದಳು. ಅದನ್ನು ಅವಳ ಕೈಯಿಂದ ತೆಗೆದು ಮೇಜಿನ ಮೇಲಿಟ್ಟೆ.

ನನ್ನ ಕುತೂಹಲ ನಿನಗೆ ಗೊತ್ತು — ಮುಚ್ಚಿದ ಪಾತ್ರೆ ಕಂಡರೆ ತೆರೆದು ನೋಡುವ ಜಾತಿ. ಲಕ್ಕೂರಿನ ನಮ್ಮ ತೋಟದ ಗೂಡು ಮಾರಿ ಉಳಿದದ್ದನ್ನು ನೀನು ಆವಿಗೆ ಹಿಡಿದು, ಒಳಗಿನ ಹುಳ ಸತ್ತ ಮೇಲೆ ಒಣಗಿಸಿ ಹಾರ ಕಟ್ಟುತ್ತಿದ್ದೆ. ಹುಳ ಬದುಕಿದ್ದರೆ ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಬರುತ್ತದೆ ಎಂದು ಎಚ್ಚರಿಸುತ್ತಿದ್ದವಳೂ ನೀನೇ. ಹೇಗೆ ಬರುತ್ತದೆ? ತಲೆ ಮೊದಲೋ, ರೆಕ್ಕೆ ಮೊದಲೋ? ಹುಟ್ಟಿದಾಗಿಂದ ಹುಳದ ಮನೆಯಲ್ಲೇ ಬೆಳೆದವಳು, ಅದೊಂದನ್ನು ನೋಡಿರಲಿಲ್ಲ — ನಮ್ಮಲ್ಲಿ ಯಾರೂ ಹುಳವನ್ನು ಅಲ್ಲಿಯವರೆಗೆ ಉಳಿಸುವುದಿಲ್ಲವಲ್ಲ. ಆವಿಗೆ ಹೋಗುವ ಮೊದಲು ಒಂದು ಹಿಡಿ ಗೂಡು ಕದ್ದು, ಮೊರದಲ್ಲಿ ಹರಡಿ, ಮೇಜಿನಡಿ ಬಚ್ಚಿಟ್ಟೆ.

ಮಾಸ್ತಿ ಊರಿನ ನಿಶ್ಚಿತಾರ್ಥದ ಹಾರ ಒಂದು ಗೇಣು ಕಡಿಮೆ ಬಿತ್ತು. "ಇನ್ನೊಂದ್ ಹಿಡಿ ತಾರೇ," ಅಂದೆ ನೀನು. ಕೋಣೆಯೋ ಸಂತೆ, ಮೇಜಿನಡಿ ಎರಡು ಮೊರ, ಹಸಿಯದೂ ಒಣಗಿದ್ದೂ ನೋಡಲು ಒಂದೇ. ಮಾತಾಡುತ್ತಾ ಕೈಗೆ ಸಿಕ್ಕಿದ್ದರಿಂದ ಕೊಟ್ಟೆ. ಕೊಟ್ಟದ್ದು ಹಸಿ ಗೂಡೆಂದು ಗೊತ್ತಾಗಿದ್ದು ಸಂಜೆ ನನ್ನ ಮೊರ ಖಾಲಿ ಕಂಡಾಗ. ಹಾರ ಇನ್ನೂ ಮನೆಯಲ್ಲೇ ಇತ್ತು, ಅಕ್ಕ. ಹೇಳಿದ್ದರೆ ಬಿಚ್ಚಿ ಕಟ್ಟಬಹುದಿತ್ತು. ಬೈಯುತ್ತೀಯೆಂದು ಸುಮ್ಮನಿದ್ದೆ — ಅಷ್ಟೇ ಆಗಿದ್ದರೆ... ಇಲ್ಲ, ಪೂರ್ತಿ ಹೇಳುತ್ತೇನೆ. ಹಾರದಲ್ಲೂ ಚಿಟ್ಟೆ ಬಂದೀತಾ ಎಂದು ನೋಡುವ ಆಸೆಯೂ ಇತ್ತು.

ಬಂತು. ಬೆಳಗಿನ ಮುಹೂರ್ತದಲ್ಲಿ, ಗಂಡಿನ ಕೊರಳಲ್ಲೇ. ತಲೆ ಮೊದಲು, ಮುದುಡಿದ ಒದ್ದೆ ರೆಕ್ಕೆ ಆಮೇಲೆ. ಬಿಳಿ ಅಂಗಿಯ ಮೇಲೆ ಚಿಟ್ಟೆ ಬಿಟ್ಟ ಕಂದು ನೀರು ಇಳಿಯಿತು. ಗಂಡಿನ ಕಡೆಯ ಹೆಂಗಸೊಬ್ಬರು ಎಲ್ಲರೆದುರು ತೆಲುಗು ಬೆರೆಸಿ ನಿನ್ನನ್ನು ಕೇಳಿದರು: "ಏಮಮ್ಮಾ ಇದಿ, ಹಾರ ಕಟ್ಟಿದ್ಯೋ ಹುಳ ಕಟ್ಟಿದ್ಯೋ?" ನೀನು ತಲೆ ತಗ್ಗಿಸಿದೆ. ನಿನ್ನ ಪಕ್ಕದಲ್ಲೇ ನಿಂತಿದ್ದ ನಾನು — ನಾಚಿಕೆಗೇಡು — ಆ ಹೊತ್ತಲ್ಲೂ ಚಿಟ್ಟೆಯನ್ನೇ ನೋಡುತ್ತಿದ್ದೆ.

"ನನ್ ಕಣ್ಣೇ ಮೋಸ ಮಾಡ್ತು ಕಣೇ," ಅಂದೆ ನೀನು ಬಸ್ಸಿನಲ್ಲಿ. ಅವತ್ತಿನಿಂದ ಸೂಜಿ ಮುಟ್ಟಲಿಲ್ಲ. ಹಾರ ಬೇಕೆಂದವರು ನನ್ನ ಹತ್ತಿರ ಬರತೊಡಗಿದರು. ನೀನು ಕಲಿಸಿದ ಕೆಲಸಕ್ಕೆ ನನ್ನ ಹೆಸರು ಬಂತು. ಮಾಡಿದ್ದುಣ್ಣೋ ಮಹಾರಾಯ ಅಂತಾರೆ — ಮಾಡಿದವಳು ನಾನು, ಉಂಡವಳು ನೀನು. ಈಗಲೂ ಅಕ್ಕಿ ಆರಿಸಿದ ಮೇಲೆ ನನ್ನ ಕಡೆ ತಳ್ಳುತ್ತೀಯ: "ಒಂದ್ಸಲ ನೋಡೇ, ಕಲ್ಲೈತಾ?" ನೋಡುತ್ತೇನೆ. ಇಷ್ಟು ವರ್ಷದಲ್ಲಿ ಒಂದು ಕಲ್ಲೂ ಸಿಕ್ಕಿಲ್ಲ.

ಡಬ್ಬಿಗಳೆಲ್ಲ ಗೋಡೆಯ ಕಪಾಟು ಸೇರಿದವು. ಮೊರ ಮಾತ್ರ ಮೇಜಿನ ಮೇಲಿದೆ, ಅದರಲ್ಲಿ ನಿನ್ನ ಹಳೆಯ ಸೂಜಿ. ನೀನು ಡೈರಿಗೆ ಹಾಲು ಹಾಕಿ ಬಂದ ಮೇಲೆ ಮಹಡಿಗೆ ಕರೆಯುತ್ತೇನೆ. ಮಗಳೂ ಅಲ್ಲೇ ಇರಲಿ, ಕೇಳಲಿ. ಕ್ಷಮೆ ಕೇಳಲು ನನಗೆ ಮುಖವಿದೆಯೋ ಇಲ್ಲವೋ, ಅದು ಆಮೇಲಿನದು. ನಿನ್ನ ಕಣ್ಣು ಯಾವತ್ತೂ ಮೋಸ ಮಾಡಿಲ್ಲ ಅಕ್ಕ — ಮೊದಲು ಅದನ್ನು ಹೇಳುತ್ತೇನೆ.