ಮೊಂಜಿಯಾಳ ಕೆನ್ನೆಯ ಮಚ್ಚೆ

ನಮ್ಮ ಸೂಸ್ ಊರಲ್ಲಿ ದಲೆಂದಾಳನ್ನು ‘ಮುಖ ತೊಳೆಯೋಳು’ ಅಂತ ಆಡಿಕೊಳ್ಳುವವರಿದ್ದರು. ಹದಿನಾಲ್ಕು ವರ್ಷ ಅವಳ ಬ್ಯೂಟಿ ಪಾರ್ಲರಿನಲ್ಲಿ ಪಕ್ಕದಲ್ಲೇ ನಿಂತು ಹೆಂಗಸರ ಕೂದಲು ಕತ್ತರಿಸಿದವಳು ನಾನು. ಅಂಥ ಹಗುರವಾದ ಕೈ ಇನ್ನೊಬ್ಬರದ್ದು ಕಂಡಿಲ್ಲ. ಹಾಲಿನ ಸೌಮ್ಯ ಆಮ್ಲವನ್ನು ಕುಂಚದಲ್ಲಿ ತೆಳ್ಳಗೆ ಸವರುವಳು, ತುಟಿಯಲ್ಲೇ ನೂರೆಂಬತ್ತು ಎಣಿಸುವಳು, ತಣ್ಣೀರಲ್ಲಿ ಒರೆಸುವಳು. ಸತ್ತ ಚರ್ಮದ ಪೊರೆ ಹೋದ ಮೇಲೆ ಜೆರೇನಿಯಂ ಹೂವಿನ ನೀರು, ಪಾಪಾಸುಕಳ್ಳಿ ಬೀಜದ ಎಣ್ಣೆ. ಎದ್ದವರ ಮುಖ ನೆನೆಸಿ ಸುಲಿದ ಬಾದಾಮಿಯಂತಿರುತ್ತಿತ್ತು.

ಅಂಚೆ ಕಚೇರಿಯ ಮೊಂಜಿಯಾ ತಿಂಗಳ ಮೊದಲ ಶನಿವಾರ ತಪ್ಪಿಸಿದವಳೇ ಅಲ್ಲ. ಬರುವಾಗ ನಮಗೆಲ್ಲ ಎಣ್ಣೆಯಲ್ಲಿ ಕರಿದ ಬಿಸಿ ಬಂಬಲೂನಿ ತರುತ್ತಿದ್ದಳು. ಅವಳೂ ದಲೆಂದಾಳೂ ಅಕ್ಕತಂಗಿಯರ ಹಾಗೆ ಬೈದಾಡಿಕೊಳ್ಳುತ್ತಿದ್ದರು.

ಮಗಳ ಮದುವೆಗೆ ಎರಡು ತಿಂಗಳಿದೆ ಅನ್ನುವಾಗ ಮೊಂಜಿಯಾ ಬಂದು ಕುರ್ಚಿಗೆ ಒರಗಿಕೊಂಡಳು. ಎಡಗೆನ್ನೆಯ ಮೇಲೆ ಕಡಲೆಕಾಳಿನಷ್ಟು ಕಪ್ಪು ಮಚ್ಚೆ. ಅಂಚು ಹರಿದ ಹಾಗಿತ್ತು. ದಲೆಂದಾಳ ಕುಂಚ ನಿಂತಿತು.

“ಇದು ಯಾವಾಗ ಬಂತು?”

“ಬಿಸಿಲಿಗೆ ಬಂದಿರುತ್ತೆ. ಅದಕ್ಕೇ ಬಂದಿರೋದು, ಇವತ್ತು ಎರಡು ಕೈ ಜಾಸ್ತಿ ಹಚ್ಚೇ.”

“ಇದ್ರ ಮೇಲೆ ಹಚ್ಚಲ್ಲ. ಮೊದ್ಲು ಡಾಕ್ಟರಿಗೆ ತೋರಿಸು.”

“ಅಯ್ಯೋ, ನೀನ್ಯಾವಾಗ ಡಾಕ್ಟರಮ್ಮ ಆದೆ!”

“ತಮಾಷೆ ಅಲ್ಲ ಮೊಂಜಿಯಾ. ಇದು ಕೆಟ್ಟ ಜಾತಿದು.”

ಸರದಿಗೆ ಕೂತಿದ್ದ ನಾಲ್ವರು ಹೆಂಗಸರು ಕತ್ತು ಚಾಚಿದರು. ಮೊಂಜಿಯಾ ಧಡಕ್ಕನೆ ಎದ್ದಳು. “ಮದುವೆ ಮನೆಯೋಳಿಗೆ ರೋಗ ಇದೆ ಅಂತ ಊರಿಗೆಲ್ಲ ಸಾರ್ತೀಯಾ? ನಿನ್ನ ನಾಲಿಗೆಗೇ ಹಚ್ಕೋ ಆ ಆಮ್ಲ!” ಕೊರಳಿನ ಬಟ್ಟೆಯನ್ನು ಎಸೆದು ಹೊರಟುಹೋದಳು.

ಕಡಲದಂಡೆಯ ಇನ್ನೊಂದು ಅಂಗಡಿಯಲ್ಲಿ ಖಾರವಾದ ಆಮ್ಲವನ್ನೇ ಹಚ್ಚಿಸಿಕೊಂಡಳಂತೆ. ಮಚ್ಚೆ ಮಸುಕಾಯಿತು. ಮದುವೆಗೆ ದಲೆಂದಾಳನ್ನು ಕರೆಯಲಿಲ್ಲ. ಮರುವಾರ ನಮ್ಮ ಬಾಗಿಲ ಮುಂದೆ ಹಾದುಹೋಗುತ್ತಾ ಎಡಗೆನ್ನೆ ತಿರುಗಿಸಿ, “ಡಾಕ್ಟರಮ್ಮಾ, ನೋಡ್ಕೋ!” ಅಂದಳು. ದಲೆಂದಾ ತಲೆ ಎತ್ತಲಿಲ್ಲ.

ಎರಡು ಚಳಿಗಾಲ ಕಳೆದವು. ಒಂದು ಮಧ್ಯಾಹ್ನ ಮೊಂಜಿಯಾಳ ಮಗಳು ಫಾದಿಯಾ ಬಂದಳು. “ಅಮ್ಮ ನಿಮ್ಮನ್ನ ಕೇಳ್ತಿದ್ದಾಳೆ.” ಮಚ್ಚೆ ಕ್ಯಾನ್ಸರ್ ಆಗಿ ಒಳಗೊಳಗೇ ಬೇರು ಬಿಟ್ಟು ಶ್ವಾಸಕೋಶಕ್ಕೆ ಹೋಗಿತ್ತು.

ದಲೆಂದಾಳ ಜೊತೆಗೆ ನಾನೂ ಹೋದೆ. ಔಷಧಿಯಿಂದ ಮೊಂಜಿಯಾಳ ಮುಖ ಒಣಗಿ, ಚರ್ಮ ಈರುಳ್ಳಿ ಸಿಪ್ಪೆಯಂತೆ ಏಳುತ್ತಿತ್ತು.

“ಇವತ್ತಾದ್ರೂ ಹಚ್ತೀಯೇನೇ?” ಅಂದಳು ಮೊಂಜಿಯಾ.

ದಲೆಂದಾ ಆಮ್ಲ ಮುಟ್ಟಲಿಲ್ಲ. ಜೆರೇನಿಯಂ ನೀರಿನಲ್ಲಿ ಹತ್ತಿ ಅದ್ದಿ ಒತ್ತಿದಳು, ಎಣ್ಣೆ ಸವರಿದಳು, ಮತ್ತೆ ಒತ್ತಿದಳು.

“ಚುರುಗುಟ್ತಾನೇ ಇಲ್ವಲ್ಲೇ.”

“ಹೊಸಾದು ಬಂದಿದೆ, ಚುರುಗುಟ್ಟಲ್ಲ.”

“ಸುಳ್ಳಿ,” ಅಂದು ಕಣ್ಣು ಮುಚ್ಚಿದಳು. ಅವಳ ತುಟಿ ಸ್ವಲ್ಪ ನಕ್ಕಿತು.

ಆಮೇಲೆ ದಿನಾ ಹೋದೆವು. ಹನ್ನೊಂದನೆಯ ದಿನ ಹೋದಾಗ ಅಂಗಳದಲ್ಲಿ ಕುರ್ಚಿ ಹಾಕುತ್ತಿದ್ದರು.

ಸಾವಿನ ಮೂರನೆಯ ದಿನ ಕುಸ್‌ಕುಸ್ ಬಡಿಸುತ್ತಿದ್ದ ಫಾದಿಯಾ ದಲೆಂದಾಳ ಎದುರು ನಿಂತಳು. ದನಿ ಏರಿಸಲಿಲ್ಲ. “ನಿಮಗೆ ಅವತ್ತೇ ಗೊತ್ತಿತ್ತಂತೆ. ಅಮ್ಮ ಕೇಳ್ಲಿಲ್ಲ, ಸರಿ. ನಿಮ್ಮ ಅಂಗಡಿಯಿಂದ ಎರಡೇ ಬೀದಿ ಆಚೆ ನಾನಿದ್ದೆ. ನನಗೆ ಯಾಕೆ ಬಂದು ಹೇಳ್ಲಿಲ್ಲ?”

ದಲೆಂದಾ ತಟ್ಟೆ ಕೆಳಗಿಟ್ಟಳು. ಏನಾದರೂ ನೆಪ ಹೇಳಬಹುದಿತ್ತು. ಅವಳು ಹೇಳಲಿ ಅಂತಲೇ ನಾನು ಕಾಯುತ್ತಿದ್ದೆ.

“ನನಗೆ ಕೋಪ ಬಂದಿತ್ತು ಕಣಮ್ಮ,” ಅಂದಳು.